ಗುಮ್ಮಿಯ ಹೆಸರಲ್ಲಿ ಬಾಗಿಲು ತಟ್ಟಿದವರು

ಮೆಟ್ಟಿಲ ಕೆಳಗಿನ ಕೋಣೆಯಿಂದ,
ಮೇ ೧೪, ಬುಧವಾರ ಬೆಳಗ್ಗೆ

ನನ್ನ ಮುದ್ದು ಗುಮ್ಮಿಯೇ,

ಹೇಗಿದ್ದೀಯ? ಆ ಒಣಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಆ ನಾಟಕ ತಂಡದವರು ನಿನ್ನ ಹೆಗಲಿಗೆ ದೀಪಗಳನ್ನು ಹೊರಿಸಿ, ಊರೂರು ಅಲೆಸಿ, ಬರೀ ಚಹಾ ಕುಡಿಸಿ ದುಡಿಸುತ್ತಾರೋ? ನಾನು ಗುಂಡುಕಲ್ಲಿನ ಹಾಗಿದ್ದೇನೆ ಎಂದು ಟೈಪು ಮಾಡಹೋದರೆ ಬೆರಳು ತಪ್ಪು ಕೀಲಿಗೆ ಬಿದ್ದು ಗುಂಡುಕಲ್ಲೇ ಒಡೆದುಹೋಗುತ್ತಿದೆ. ನಿನ್ನಪ್ಪ ಗಟ್ಟಿಯಾಗಿದ್ದಾನೆ, ನಾಲಿಗೆ ಇನ್ನೂ ಗಟ್ಟಿ. ನೀನು ಓದು ಬಿಟ್ಟು ಹೊರಟ ದಿನ "ಹೋದ್ರೆ ಹೋಗ್ಲಿ, ಹಸಿದಾಗ ಬರ್ತಾಳೆ" ಅಂದವನು ಈಗ ಗೇಟು ಕಿರುಗುಟ್ಟಿದರೆ ಸಾಕು, ತಟ್ಟೆ ಬಿಟ್ಟು ಏಳುತ್ತಾನೆ. ಕೇಳಿದರೆ "ಬೆಕ್ಕು ಬಂದಿತ್ತು" ಅನ್ನುತ್ತಾನೆ. ಈ ಬೀದಿಯಲ್ಲಿ ಬೆಕ್ಕೇ ಇಲ್ಲ.

ಈಗ ಎದೆ ಗಟ್ಟಿಮಾಡಿಕೊಂಡು ಕೇಳು! ನಮ್ಮ ನಾಟಕದ ಮನೆಯ ಹಳೆಯ ಆಟಗಳ ದನಿಯನ್ನೆಲ್ಲ ಕೂಡಿಟ್ಟ ವೆಬ್‌ಸೈಟನ್ನು ಹೊತ್ತು ನಿಂತ ಆ ಸರ್ವರನ್ನು, ಚಪ್ಪಲಿ ಡಬ್ಬದಷ್ಟಿರುವ ಆ ಕಪ್ಪು ಪೆಟ್ಟಿಗೆಯನ್ನು, ನೀನು ಒಪ್ಪಿಸಿ ಹೋದಂದಿನಿಂದ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇನೆ. ಫ್ಯಾನಿನ ಧೂಳನ್ನು ಬಣ್ಣ ಹಚ್ಚುವ ಕುಂಚದಲ್ಲಿ ಗುಡಿಸುತ್ತೇನೆ. ಅಪ್‌ಡೇಟ್ ಹಾಕುತ್ತೇನೆ, ಡಿಸ್ಕಿನಲ್ಲಿ ಜಾಗ ಉಳಿದಿದೆಯೇ ಎಂದು ಇಣುಕುತ್ತೇನೆ. ಬ್ಯಾಕಪ್ ತೆಗೆದು, ಅದರಿಂದ ಒಂದು ಫೈಲು ತೆರೆದೂ ನೋಡುತ್ತೇನೆ. ಪ್ರತಿ ಸಲ ನಿಮ್ಮ ತಾತನ ದನಿಯಿರುವ ಫೈಲನ್ನೇ ತೆರೆಯುತ್ತೇನೆ ಅನ್ನು. ಮಾತು ಶುರುಮಾಡುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಅಷ್ಟು ಕೇಳಿಸಿದರೆ ಎಲ್ಲ ಸುರಕ್ಷಿತ ಎಂದರ್ಥ.

ನೀನು ಕಲಿಸಿದ ಹಾಗೆ ಲಾಗನ್ನೂ ಓದುತ್ತೇನೆ. "ಯಾರ್ಯಾರು ಬಾಗ್ಲು ತಟ್ಟಿದ್ರು ಅಂತ ಅದ್ರಲ್ಲಿರತ್ತೆ ಅಜ್ಜಿ. ಹೆದರ್ಬೇಡ, ಎಲ್ಲಾ ಯಂತ್ರಗಳು, ಸುಮ್ನೆ ತಟ್ಕೊಂಡು ಹೋಗ್ತಾವೆ" ಅಂದಿದ್ದೆ. ಮೊದಮೊದಲು ಬೆವರಿಬಿಟ್ಟಿದ್ದೆ ಕಣೇ. ಆಮೇಲೆ ರೂಢಿಯಾಯಿತು. ಅಡ್ಮಿನ್, ರೂಟ್, ಟೆಸ್ಟ್, ಬಾಯಿಗೆ ಬಂದ ಹೆಸರು ಹೇಳಿಕೊಂಡು ಬರುವ ಭಿಕಾರಿ ದಂಡು! ಮೂರು ಸಲ ತಪ್ಪಿದರೆ ನಮ್ಮ ಸರ್ವರ್ ಒಂದು ಗಂಟೆ ಕದ ಹಾಕಿಕೊಳ್ಳುತ್ತದೆ. ಅವು ಗಂಟೆ ಕಾಯದೆ ಬೇರೆ ವೇಷದಲ್ಲಿ ಬರುತ್ತವೆ. ರಂಗದ ಮೇಲೆ ರಾಕ್ಷಸಿಯಾಗಿ ಮೆರೆದವಳಿಗೆ ಇವು ಯಾವ ಲೆಕ್ಕ?

ಸೋಮವಾರ ಆ ಸಾಲುಗಳ ನಡುವೆ "ಗುಮ್ಮಿ" ಎಂದಿತ್ತು.

ಜಗತ್ತಿನ ಯಾವ ಯಂತ್ರಕ್ಕೆ ಗೊತ್ತು ಆ ಹೆಸರು? ಕತ್ತಲೆಗೆ ಹೆದರದೆ ಕತ್ತಲೆಯನ್ನೇ ಹೆದರಿಸುತ್ತಿದ್ದ ಕೂಸಿಗೆ ನಾನು ಇಟ್ಟ ಹೆಸರದು! ಮೂರು ಸಲ ತಟ್ಟಿದ್ದಾರೆ. ಕದ ಹಾಕಿಕೊಂಡಿದೆ. ಗಂಟೆ ಕಳೆಯುವುದನ್ನು ಕಾದು, ಅದೇ ಕಡೆಯಿಂದ ಮತ್ತೆ ಮೂರು ಸಲ. ದಿನವೆಲ್ಲ ಹಾಗೇ. ಆಗ ನನಗೆ ನೆನಪಾಯಿತು. "ಬಿಟ್ಹೋದವರ ಖಾತೆ ಮೊದ್ಲು ಮುಚ್ಬೇಕು ಅಜ್ಜಿ, ಮುಲಾಜು ನೋಡ್ಬಾರ್ದು" ಎಂದು ಕಲಿಸಿದವಳು ನೀನು. ನೀನು ಹೋದ ವಾರವೇ ಮುಲಾಜು ನೋಡದೆ ಗುಮ್ಮಿ ಎಂಬ ನಿನ್ನ ಖಾತೆಯನ್ನೇ ಮುಚ್ಚಿದ್ದೆ. ಗುರುಮಂತ್ರವನ್ನು ಗುರುವಿನ ಮೇಲೇ ಪ್ರಯೋಗಿಸಿದ ಶಿಷ್ಯೆ!

ನೀನೇ ಆಗಿದ್ದರೆ ಫೋನು ಯಾಕೆ ಮಾಡಲಿಲ್ಲ? ನಾವು ಮಾಡಿದರೆ ಸ್ವಿಚ್ ಆಫ್ ಅನ್ನುತ್ತಿದೆ. ಫೋನು ಕಳೆದುಹೋಗಿ, ನಿನಗೆ ನೆನಪಿದ್ದ ಒಂದೇ ಬಾಗಿಲು ಇದಾಯಿತೇ? ನೀನಲ್ಲವಾದರೆ ನಿನ್ನ ಲ್ಯಾಪ್‌ಟಾಪು ಯಾರ ಕೈಯಲ್ಲಿದೆ? ನೀನು ಎಲ್ಲಿದ್ದೀ? ಈ ಪ್ರಶ್ನೆಗಳ ನಡುವೆ ಅನ್ನ ಇಳಿಯುತ್ತಿಲ್ಲ. ನಿನ್ನೆ ಬೆಳಗ್ಗೆ ನಿನ್ನಪ್ಪ ಬಂದು ಲಾಗು ನೋಡಿದ. "ಯಾರೋ ಕಳ್ಳರು ಕಣಮ್ಮಾ, ಆ ವೈರು ಕಿತ್ತು ಬಿಸಾಕು" ಅಂದ. ನಾನು ಎರಡೂ ತೋಳು ಚಾಚಿ ಪೆಟ್ಟಿಗೆಗೆ ಅಡ್ಡ ನಿಂತೆ. "ಮುಟ್ಟಿ ನೋಡು! ತಟ್ಟೋ ಕೈ ಅವಳದ್ದಾಗಿದ್ರೆ?" ಅಂದೆ. ಅವನು ಹೋಗಿ ಮೆಟ್ಟಿಲ ಮೇಲೆ ಕುಳಿತ. ಬೆಕ್ಕಿನ ಮಾತು ಎತ್ತಲಿಲ್ಲ.

ನಿನ್ನೆ ಮಧ್ಯಾಹ್ನದಿಂದ ತಟ್ಟುವುದು ನಿಂತಿದೆ. ಇದರ ಮುಂದೆ ತಟ್ಟುವಾಗ ಇದ್ದ ಹೆದರಿಕೆ ಹೆದರಿಕೆಯೇ ಅಲ್ಲ ಮಗೂ.

ಎಲ್ಲಿದ್ದರೂ ನಿನ್ನ ಕೂದಲೂ ಕೊಂಕದಿರಲಿ. ನನ್ನ ಆಯಸ್ಸಿನಲ್ಲಿ ಉಳಿದದ್ದೆಲ್ಲ ನಿನಗಿರಲಿ. ನಿನ್ನಪ್ಪ ಇನ್ನೂ ಮೆಟ್ಟಿಲ ಮೇಲೇ ಇದ್ದಾನೆ.

ನಿನ್ನ
ರಾಕ್ಷಸಿ ಅಜ್ಜಿ

ಮರೆತಿದ್ದೆ: ನಿನ್ನ ಖಾತೆ ತೆರೆದಿದ್ದೇನೆ. ಪಾಸ್‌ವರ್ಡನ್ನೇ ಕಿತ್ತುಹಾಕಿದ್ದೇನೆ, ಗುಮ್ಮಿ ಅಂದರೆ ಸಾಕು, ಕದ ಬಿಚ್ಚಿಕೊಳ್ಳುತ್ತದೆ. ಬೈಯಬೇಡ, ನಿನ್ನ ಪಾಠವೆಲ್ಲ ನೆನಪಿದೆ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಈ ಪತ್ರವನ್ನು ಅಂಟಿಸುತ್ತಿದ್ದೇನೆ. ಆದ್ದರಿಂದ ಇದನ್ನು ಓದುತ್ತಿರುವವರು ನನ್ನ ಗುಮ್ಮಿಯಲ್ಲದೆಯೂ ಇರಬಹುದು. ಅಯ್ಯಾ, ಅಮ್ಮಾ, ಯಾರೇ ಆಗಿರು, ಹೆದರಬೇಡ, ನಾನು ಕೂಗುವುದಿಲ್ಲ. ಇಲ್ಲಿರುವುದೆಲ್ಲ ತೆಗೆದುಕೊಂಡು ಹೋಗು, ಅಳಿಸಬೇಕೆನಿಸಿದರೆ ಅಳಿಸು. ಆ ಹುಡುಗಿ ಈ ಹೆಸರನ್ನು ನಿನಗೆ ಹೇಳಿದಾಗ ಹೇಗಿದ್ದಳು, ಅಷ್ಟನ್ನು ಮಾತ್ರ ಒಂದು ಸಾಲು ಬರೆದಿಟ್ಟು ಹೋಗು.