ಅಜ್ಜಿಗೆ ನೂರಕ್ಕೆ ನಲವತ್ತೊಂದು

ಹೊಸ ಮನೆ, ಮೂರನೇ ಮಹಡಿ
ಮೂರನೇ ತಾರೀಖು, ಭಾನುವಾರ

ನನ್ನ ಮುದ್ದು ಅಜ್ಜೀ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಶೀಶೆಯನ್ನು ಕಿಟಕಿಯಲ್ಲಿ ಅಂದಕ್ಕೆ ಇಟ್ಟಿದ್ದೀಯೋ? ನಾನು ಚೆನ್ನಾಗಿದ್ದೇನೆ. ಇವರೂ ಚೆನ್ನಾಗಿದ್ದಾರೆ, ತುಂಬಾ ತುಂಬಾ ಚೆನ್ನಾಗಿದ್ದಾರೆ. (ನಿನ್ನೆ ನನ್ನ ಬಟ್ಟೆಗೂ ಇಸ್ತ್ರಿ ಮಾಡಿದರು. ಒಂದು ತೋಳು ಸುಟ್ಟಿತು, ಇರಲಿ.) ಇಂಗ್ಲಿಷ್ ಶಾಲೆಯಲ್ಲಿ ಓದಿದ ಮೊಮ್ಮಗಳು ಕನ್ನಡದಲ್ಲಿ ಕಾಗದ ಬರೆದಳೆಂದು ಮೂಗಿನ ಮೇಲೆ ಬೆರಳಿಡಬೇಡ. ಅಕ್ಷರ ಕಲಿಸಿದ್ದು ಕಾಲೇಜು, ತಪ್ಪು ತಿದ್ದಿದ್ದು ಇವರು, ಸಿಟ್ಟು ಮಾತ್ರ ಪೂರ್ತಿ ನನ್ನದು.

ಹೌದು, ಮೈಯೆಲ್ಲ ಉರಿಯುವಷ್ಟು ಸಿಟ್ಟು. ಮದುವೆಯಾದ ಮೇಲೆ ನಾನು ಕಾಲೇಜಿನಲ್ಲಿ ಸೇರಿಕೊಂಡ ಕನ್ನಡ ತರಗತಿ ಇರುವುದೇ ನನ್ನಂಥವರಿಗೆ. ಮನೆಮಾತು ಕಿವಿಗೆ ಗೊತ್ತು, ನಾಲಿಗೆ ತಡವರಿಸುತ್ತದೆ. ಅಲ್ಲಿ ಮಾತು ಕಲಿಸುವುದು ಮೇಡಂ ಅಲ್ಲ, ಒಂದು ಯಂತ್ರ. ಗಾಜಿನ ಗೂಡಿನಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಅದು ಹೇಳಿದ್ದನ್ನು ಅದರಂತೆಯೇ ಹೇಳಬೇಕು. ಎಂಬತ್ತು ಅಂಕ ಬಂದರೆ ಪರದೆ ಹಸಿರಾಗಿ ಮುಂದಿನ ಪಾಠ ತೆರೆಯುತ್ತದೆ, ಇಲ್ಲದಿದ್ದರೆ ಕೆಂಪು. ನಾನು ಗಿಣಿಯ ಹಾಗೆ ಒಪ್ಪಿಸಿ ಒಪ್ಪಿಸಿ ತೊಂಬತ್ತಾರು ಮುಟ್ಟಿದೆ. ಆ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಅಜ್ಜೀ. ಮೊದಲು ನಿನಗೇ ಕೇಳಿಸಬೇಕೆಂದು ಕಾಲೇಜಿನ ಫೋನಿನಿಂದಲೇ ನಿನಗೆ ಮಾಡಿದೆ.

ಕಳೆದ ವಾರ ನೀನು ನಕ್ಕು ನಕ್ಕು ಹೇಳಿದೆಯಲ್ಲ, ಯಾವುದೋ ಕಂಪನಿಯ ಹೆಂಗಸು "ನಮಸ್ಕಾರ ಅಜ್ಜಿ, ತಾವು ಕ್ಷೇಮವಾಗಿದ್ದೀರಾ" ಅಂದಳು, "ನಮಗೇನೂ ಬೇಡಮ್ಮ, ಇಡು" ಅಂತ ಕಟ್ ಮಾಡಿದೆ, ಆಚೆಮನೆ ಟೀಚರಮ್ಮನಿಗೆ ಹೇಳಿ ಆ ನಂಬರನ್ನೇ ಬ್ಲಾಕ್ ಮಾಡಿಸಿದೆ ಅಂತ. ನಾನೂ ನಕ್ಕೆ. ಫೋನಿಟ್ಟ ಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಆ ಹೆಂಗಸು ನಾನೇ. ನಿನ್ನ ಮೇಲೂ ಸಿಟ್ಟಿದೆ. ನೀನೇ ಎತ್ತಿ ಆಡಿಸಿದ ಕೂಸಿನ ಉಸಿರೂ ಗೊತ್ತಾಗಲಿಲ್ಲವೇ?

ಮಾರನೆಯ ದಿನ ನೀನು ನನ್ನ ಮೊಬೈಲಿಗೆ ಕಳಿಸಿದ್ದ ಧ್ವನಿಸಂದೇಶವನ್ನೇ ಆ ಯಂತ್ರಕ್ಕೆ ಕೇಳಿಸಿದೆ. "ಏನೇ ಕಳ್ಳಿ, ಗಂಡ ಸಿಕ್ಕಿದ್ದೇ ತಡ, ಅಜ್ಜಿ ಇದಾಳೋ ಹೋದ್ಲೋ ಅಂತಾನೂ ಕೇಳಲ್ವಲ್ಲೇ." ನಲವತ್ತೊಂದು. ಪರದೆಯೆಲ್ಲ ಕೆಂಪು. ಸ್ಪಷ್ಟವಾಗಿ ಮಾತನಾಡಲು ಪ್ರಯತ್ನಿಸಿ ಎಂದು ನಿನಗೇ ಬುದ್ಧಿವಾದ. ಇವರ ಧ್ವನಿಗೆ ಮೂವತ್ತೆಂಟು. ನಾನೂ ನಿಮ್ಮಜ್ಜಿಯೂ ಒಂದೇ ಬೆಂಚು ಬಿಡು ಎಂದು ಇವರು ಕುಣಿದರು. ನನಗೆ ನಗು ಬರಲಿಲ್ಲ. ನೆಟ್ಟಗೆ ಮೇಡಂ ಹತ್ತಿರ ಹೋದೆ. ಯಂತ್ರಕ್ಕೆ ಎಲ್ಲರೂ ಒಂದೇ ಕಣಮ್ಮ, ಅಜ್ಜಿ ಅಂತ ರಿಯಾಯಿತಿ ಇಲ್ಲ ಎಂದರು. ಕೊನೆಯ ಪರೀಕ್ಷೆಗೂ ಆ ಯಂತ್ರವೇ ಅಂಕ ಹಾಕುತ್ತದಂತೆ.

"ನನ್ನಜ್ಜಿ ಫೇಲಾಗೋ ಪರೀಕ್ಷೇಲಿ ನಾನು ಪಾಸಾಗಲ್ಲ ಮೇಡಂ" ಎಂದುಬಿಟ್ಟೆ. ಹಾಗಾದರೆ ಈ ವರ್ಷ ಹೋಯಿತೆಂದು ತಿಳಿ ಎಂದರು. ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ. ಎರಡು ದಿನ ಬಿಟ್ಟು ಅವರೇ ಕರೆಸಿದರು. ತಮ್ಮ ತಾಯಿಯ ಧ್ವನಿಯನ್ನೂ ಯಂತ್ರಕ್ಕೆ ಕೇಳಿಸಿ ನೋಡಿದರಂತೆ. ಎಷ್ಟು ಬಂತೆಂದು ಹೇಳಲಿಲ್ಲ. ನನಗೆ ಬೇರೆ ಪರೀಕ್ಷೆ ಇಟ್ಟಿದ್ದಾರೆ.

ಟೀಚರಮ್ಮನಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಎರಡೂ ಮಂಡಿಗೆ ಒಂದೊಂದು ಮುತ್ತು.

ನಿನ್ನ ಕಳ್ಳಿ

ಮರೆತಿದ್ದೆ: ಹದಿನಾಲ್ಕನೇ ತಾರೀಖು, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಅದೇ ನಂಬರಿನಿಂದ ಫೋನ್ ಬರುತ್ತದೆ. ಇವತ್ತೇ ಟೀಚರಮ್ಮನಿಗೆ ಹೇಳಿ ಬ್ಲಾಕ್ ತೆಗೆಸು. ಮೇಡಂ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತಿರುತ್ತಾರೆ. ನೀನು ಹತ್ತು ನಿಮಿಷ ನನ್ನ ಜೊತೆ ಮಾತಾಡಿದರೆ ನಾನು ಪಾಸು, ನಡುವೆ ಇಟ್ಟರೆ ಸೊನ್ನೆ. ನಾನು "ತಾವು" ಅಂದರೆ ಬಾಯಿಗೆ ಬಂದಹಾಗೆ ಬೈಯಿ, ಬೇಕಾದರೆ ಹತ್ತು ನಿಮಿಷವೂ ಬೈಯಿ. ಇಡಬೇಡ ಅಷ್ಟೇ.