ತೆರೆದ ಕಣ್ಣಿನ ಪ್ರಾರ್ಥನೆ

ಮಾರ್ಚ್ ೧೪, ಗುರುವಾರ

ಬೆಳಿಗ್ಗೆಯೂ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ಕಂಡದ್ದು ಯೇಸುವಲ್ಲ, ಕಾರ್ಖಾನೆಯ ಅಂಗಿಗಳು. ದಿನಕ್ಕೆ ಆರುನೂರು ಅಂಗಿ ನೋಡಿ, ಹೊಲಿಗೆ ತಪ್ಪಿದಲ್ಲೆಲ್ಲ ಕೆಂಪು ಸ್ಟಿಕ್ಕರ್ ಅಂಟಿಸುವವಳಿಗೆ ಇನ್ನೇನು ಕಂಡೀತು? ಮನೆಯಲ್ಲೂ ಅದೇ ಚಾಳಿ. ಅತ್ತೆಗಂತೂ ಮನಸ್ಸಿನಲ್ಲೇ ಎಷ್ಟು ಸ್ಟಿಕ್ಕರ್ ಅಂಟಿಸಿದ್ದೇನೋ.

ಭಾನುವಾರ ಪಾಸ್ಟರ್ ಹತ್ತಿರ ಹೇಳಿಕೊಂಡಿದ್ದೆ. "ಮುಚ್ಚಿದ್ರೆ ಆಗಲ್ಲ ಅಂದ್ರೆ ತೆರ್ಕೊಂಡೇ ಮಾಡಮ್ಮ. ಕಣ್ಣು ಕೊಟ್ಟೋನೂ ಅವನೇ ಅಲ್ವಾ?" ಎಂದಿದ್ದರು. ಇಷ್ಟು ದಿನ ಧೈರ್ಯ ಬಂದಿರಲಿಲ್ಲ.

ಇವತ್ತು ಊಟಕ್ಕೆ ಮುಂಚೆ ಯಜಮಾನರು ಪ್ರಾರ್ಥನೆ ಹೇಳುವಾಗ ಕಳ್ಳಿಯಂತೆ ಕಣ್ಣು ತೆರೆದೆ. ಎದುರಿಗೆ ಅತ್ತೆ ಕೈಜೋಡಿಸಿಕೊಂಡು ನನ್ನನ್ನೇ ನೋಡುತ್ತಿದ್ದರು! ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಯಜಮಾನರು ಆಮೆನ್ ಅನ್ನುವುದನ್ನೇ ಮರೆತರು.

ಪಾತ್ರೆ ಒರೆಸುವಾಗ ಅತ್ತೆ ಹೇಳಿದರು: "ಕಣ್ಣು ಮುಚ್ಚಿದ್ರೆ ನಂಗೆ ತೂಕಡಿಕೆ ಕಣೇ. ನೀನು ಈ ಮನೆಗೆ ಬಂದಾಗಿಂದ ನಿನ್ನ ಮುಖ ನೋಡ್ಕೊಂಡೇ ನಿಂಗೋಸ್ಕರ ಬೇಡ್ಕೊಳ್ಳೋದು."

ಹನ್ನೊಂದು ವರ್ಷ! ನಾನು ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿ ದೇವರನ್ನು ಹುಡುಕುತ್ತಿದ್ದೆ. ಎದೆ ಹಗುರಾಗಿದೆ. ನಿದ್ದೆಯೂ ಎಳೆಯುತ್ತಿದೆ.

ಅತ್ತೆಯ ಎಡಹುಬ್ಬಿನ ಮೇಲೆ ಒಂದು ಪುಟ್ಟ ಮಚ್ಚೆ ಇದೆ. ಒಂದು ದಾರದೆಳೆಯನ್ನೂ ಬಿಡದ ನನ್ನ ಕಣ್ಣಿಗೆ ಅದು ಬಿದ್ದದ್ದು ಇವತ್ತೇ.