ಲೇಹ್‌ನಲ್ಲಿ ಹಾಕಿದ ಸಾಂಬ್ರಾಣಿ

ಲೇಹ್, ಜನವರಿ

ಕೌದಳ್ಳಿಯಲ್ಲಿರುವ ಅತ್ತೆ ಪುಟ್ಟಗೌರಮ್ಮನವರಿಗೆ ಪ್ರೇಮಾಳ ನಮಸ್ಕಾರ.

ಮಗು ಚೆನ್ನಾಗಿದೆ. ಅದನ್ನು ಮೊದಲು ಓದಿಕೊಂಡು ಆಮೇಲೆ ಉಳಿದದ್ದನ್ನು ಓದಿ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ನಿಮ್ಮ ಮಗನಿಗೆ ಜೈಸಲ್ಮೇರಿನಲ್ಲಿ ಮಿಲಿಟರಿ ಡ್ಯೂಟಿ ಇದ್ದಾಗ, ದೊಡ್ಡವಳಿಗೆ ದಿನವೂ ನೀರೆರೆದು ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಹೊಗೆ ಹಿಡಿಯುತ್ತಿದ್ದೆ. ಅಲ್ಲಿ ಸೆಕೆಗೆ ಬಾಗಿಲು ಮುಚ್ಚುವವರೇ ಇಲ್ಲ; ಜನ ಬಯಲಲ್ಲೇ ಮಂಚ ಹಾಕಿ ಮಲಗುತ್ತಿದ್ದರು. ಆ ಮರಳಿನಲ್ಲೂ ನಮ್ಮ ಬನ್ನಿಮರ ಹಸಿರಾಗಿರುತ್ತಿತ್ತು. ಈ ಲೇಹ್ ಕೂಡ ಮರುಭೂಮಿಯೇ ಅಂತೆ, ಮಳೆಯೇ ಇಲ್ಲ. ಆದರೆ ಇಲ್ಲಿ ಮರಗಳು ಬರೀ ಕಡ್ಡಿ, ಕೊಡದೊಳಗಿನ ನೀರು ಕಲ್ಲು. ಚಳಿ ನುಗ್ಗದಂತೆ ಕಿಟಕಿಗೆ ಪ್ಲಾಸ್ಟಿಕ್ ಹೊಡೆದು, ಬಾಗಿಲ ಸಂದಿಗೆ ನಾನೇ ಹಳೇ ಸೀರೆ ತುರುಕಿದ್ದೆ.

“ಮಗೀಗೆ ದೂಪ ಆಕದ್ ಮಾತ್ರ ಬುಡ್ಬ್ಯಾಡ ಕಣವ್ವ” ಅಂದಿದ್ದಿರಲ್ಲ. ಸೋಮವಾರ ನಿಮ್ಮ ಮಗ ದೊಡ್ಡವಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದಾಗ, ಮಗುವಿಗೆ ನೀರೆರೆದು, ಕೆಂಡದ ಬಾಣಲೆಯನ್ನು ತೊಟ್ಟಿಲ ಪಕ್ಕದಲ್ಲೇ ಇಟ್ಟೆ. ನಿದ್ದೆ ಬಂದ ಹಾಗಾಯಿತು. ಕಣ್ಣು ಬಿಟ್ಟಾಗ ಹೊರಗೆ ಹಿಮದ ಮೇಲೆ ಬಿದ್ದಿದ್ದೆ. ಹಾಲು ಕೊಡಲು ಬಂದ ಪಕ್ಕದ ಮನೆಯ ಯಾಂಗ್ಡೋಲ್ ಅಜ್ಜಿ ಬಾಗಿಲು ಒದ್ದು ನಮ್ಮಿಬ್ಬರನ್ನೂ ಎಳೆದು ತಂದಿದ್ದರು. ಮಗುವಿನ ಬೆನ್ನು ತಟ್ಟುತ್ತಲೇ ಇದ್ದರು. ಅದು ಅಳಲಿಲ್ಲ. ಬಹಳ ಹೊತ್ತು ಅಳಲಿಲ್ಲ.

ಮುಚ್ಚಿದ ಕೋಣೆಯಲ್ಲಿ ಕೆಂಡವೇ ಉಸಿರು ಕಟ್ಟಿಸುತ್ತದಂತೆ. ಇಲ್ಲಿಯವರ ಒಲೆಗಳಿಗೆಲ್ಲ ಹೊರಗೆ ಹೋಗುವ ಕೊಳವೆ ಇದೆ. ನಾನು ದಿನಾ ನೋಡುತ್ತಿದ್ದೆ, ಯಾಕೆಂದು ಕೇಳಿರಲಿಲ್ಲ.

ಇನ್ನು ಸಾಂಬ್ರಾಣಿ ಕಳಿಸಬೇಡಿ. ರಾಗಿಹಿಟ್ಟು ಕಳಿಸಿ. ಇದನ್ನೇ ನೆನೆದು ನೀವು ಊಟ ಬಿಡಬೇಡಿ.

ಮಗು ಅಳುತ್ತಿದೆ. ನಾನಿನ್ನೂ ಎತ್ತಿಕೊಂಡಿಲ್ಲ. ಇನ್ನಷ್ಟು ಅಳಲಿ ಎಂದು ಕೇಳುತ್ತ ಕೂತಿದ್ದೇನೆ.

ನಿಮ್ಮ ಸೊಸೆ,
ಪ್ರೇಮಾ